ಆಟಿಸಂಗಾಗಿ ಓಡಿ ದೇಣಿಗೆ ಸಂಗ್ರಹಿಸುವ ಪೋಷಕರೇ, ಹೊರಡುವ ಮುನ್ನ ಇದನ್ನು ಓದಿ

ಜನವರಿಯ ಮೂರನೇ ಭಾನುವಾರ ಮುಂಬೈ ಮ್ಯಾರಥಾನ್ ನೋಡಿದವರಿಗೆ ಒಂದು ದೃಶ್ಯ ಪರಿಚಿತ. ಓಡುವವರಲ್ಲಿ ಅನೇಕರ ಟೀ ಶರ್ಟಿನ ಮೇಲೆ ಒಂದಲ್ಲ ಒಂದು ಸೇವಾಸಂಸ್ಥೆಯ ಹೆಸರು ಇರುತ್ತದೆ. ಇವರಲ್ಲಿ ಕೆಲವರು ಆಟಿಸಂ ಇರುವ ಮಕ್ಕಳ ಅಪ್ಪ, ಅಮ್ಮ. ನೆಂಟರು, ಆಫೀಸಿನವರು, ಸೊಸೈಟಿಯ ನೆರೆಹೊರೆಯವರು "ನೀವು ಓಡಿ, ನಾವು ಹಣ ಕೊಡುತ್ತೇವೆ" ಎಂದು ಬೆಂಬಲಿಸಿರುತ್ತಾರೆ. ಆ ಹಣ ಆಟಿಸಂ ಕ್ಷೇತ್ರದಲ್ಲಿ ಕೆಲಸ ಮಾಡುವ ಸಂಸ್ಥೆಗೆ ಹೋಗುತ್ತದೆ.

ನೀವೂ ಹೀಗೆ ಮಾಡಬೇಕೆಂದು ಯೋಚಿಸುತ್ತಿದ್ದರೆ ಈ ಲೇಖನ ನಿಮಗಾಗಿ. ಓಡುವುದು ಹೇಗೆ ಎಂದು ಕಲಿಸುವವರು ಬಹಳ ಜನ ಇದ್ದಾರೆ. ಹಣ ಎಲ್ಲಿಗೆ ಹೋಗಬೇಕು, ಮಗುವಿನ ವಿಷಯ ಎಷ್ಟು ಹೇಳಬೇಕು, ಆರೈಕೆಯ ಭಾರ ಹೊತ್ತಿರುವ ನಿಮ್ಮ ದೇಹಕ್ಕೆ ಯಾವ ಎಚ್ಚರ ಬೇಕು ಎಂಬುದನ್ನು ಹೇಳುವವರು ಕಡಿಮೆ. ಈ ಮೂರರಲ್ಲಿ ಯಾವುದು ತಪ್ಪಿದರೂ ತೊಂದರೆ ಮೊದಲು ತಟ್ಟುವುದು ನಿಮ್ಮ ಮಗುವಿಗೆ.

ಪ್ರಾಯೋಜಿತ ಸವಾಲು ಎಂದರೇನು?

ನೀವು ಕಷ್ಟದ ಒಂದು ಕೆಲಸವನ್ನು ಮಾಡುವುದಾಗಿ ಎಲ್ಲರೆದುರು ಹೇಳುತ್ತೀರಿ. ಅದು 42.195 ಕಿಲೋಮೀಟರಿನ ಪೂರ್ಣ ಮ್ಯಾರಥಾನ್ ಆಗಿರಬಹುದು, 10 ಕಿಲೋಮೀಟರ್ ನಡಿಗೆ ಆಗಿರಬಹುದು, ಸೈಕಲ್ ಯಾತ್ರೆ ಅಥವಾ ಒಂದು ತಿಂಗಳು ದಿನಾ ಇಷ್ಟು ಹೆಜ್ಜೆ ಎಂಬ ಸಂಕಲ್ಪವೂ ಆಗಿರಬಹುದು. ನಿಮ್ಮ ಶ್ರಮವನ್ನು ಕಂಡು ಜನ ನೀವು ಹೇಳಿದ ಸಂಸ್ಥೆಗೆ ದೇಣಿಗೆ ಕೊಡುತ್ತಾರೆ.

ಭಾರತದಲ್ಲಿ ಇದು ದೊಡ್ಡ ಪ್ರಮಾಣದಲ್ಲಿ ಬೆಳೆದದ್ದು 2004ರಲ್ಲಿ ಆರಂಭವಾದ ಮುಂಬೈ ಮ್ಯಾರಥಾನ್ ಮೂಲಕ. ಅಲ್ಲಿ ದೇಣಿಗೆ ಸಂಗ್ರಹದ ಹೊಣೆಯನ್ನು ಯುನೈಟೆಡ್ ವೇ ಮುಂಬೈ ಸಂಸ್ಥೆ ನೋಡಿಕೊಳ್ಳುತ್ತದೆ. ಸೇವಾಸಂಸ್ಥೆಗಳು ಅದರಲ್ಲಿ ನೋಂದಾಯಿಸಿಕೊಳ್ಳುತ್ತವೆ. ನೀವು ಆ ಪಟ್ಟಿಯಿಂದ ಒಂದು ಸಂಸ್ಥೆಯನ್ನು ಆರಿಸಿಕೊಂಡು ಅದರ ಪರವಾಗಿ ಹಣ ಸಂಗ್ರಹಿಸುತ್ತೀರಿ. ದೆಹಲಿ ಹಾಫ್ ಮ್ಯಾರಥಾನ್, ಬೆಂಗಳೂರಿನ 10ಕೆ ಓಟಗಳಲ್ಲೂ ಇಂಥದ್ದೇ ಏರ್ಪಾಡು ಇದೆ. ದೊಡ್ಡ ಓಟವೇ ಬೇಕೆಂದಿಲ್ಲ. ನಿಮ್ಮ ಬಡಾವಣೆಯ ಪಾರ್ಕಿನಲ್ಲಿ ನೀವೇ ನಡೆದು ಸಂಸ್ಥೆಯ ಖಾತೆಗೆ ನೇರವಾಗಿ ದೇಣಿಗೆ ಬರುವಂತೆ ಮಾಡಿದರೂ ಅದು ಪ್ರಾಯೋಜಿತ ಸವಾಲೇ.

ಆಟಿಸಂ ಸೇವೆಗಳ ಚರಿತ್ರೆಯಲ್ಲಿ ಪೋಷಕರದ್ದೇ ದೊಡ್ಡ ಪಾಲು. ಬ್ರಿಟನ್ನಿನ ನ್ಯಾಷನಲ್ ಆಟಿಸ್ಟಿಕ್ ಸೊಸೈಟಿಯನ್ನು 1962ರಲ್ಲಿ ಕಟ್ಟಿದವರು ಪೋಷಕರು. ದೆಹಲಿಯ ಆಕ್ಷನ್ ಫಾರ್ ಆಟಿಸಂ 1991ರಲ್ಲಿ ಶುರುವಾದದ್ದು ಮೇರಿ ಬರುವಾ ಎಂಬ ತಾಯಿಯಿಂದ. ಮುಂಬೈಯ ಫೋರಂ ಫಾರ್ ಆಟಿಸಂ ಕೂಡ ಪೋಷಕರ ಬಳಗವೇ. ನಿಮ್ಮ ಓಟವನ್ನು ಈ ಸಾಲಿನ ಒಂದು ಕೆಲಸ ಎಂದುಕೊಳ್ಳಿ.

ಹಣ ಯಾವುದಕ್ಕೆ ಹೋಗಬೇಕು?

ಎಲ್ಲಕ್ಕಿಂತ ಮುಖ್ಯ ಪ್ರಶ್ನೆ ಇದು. ಆಟಿಸಂ ಒಂದು ಸೋಂಕಲ್ಲ, ಗುಣವಾಗುವ ಕಾಯಿಲೆಯೂ ಅಲ್ಲ. ಮೆದುಳು ಬೆಳೆಯುವ ರೀತಿಯಲ್ಲಿರುವ ವ್ಯತ್ಯಾಸ. ಮಾತು, ಬೆರೆಯುವುದು, ಶಬ್ದ ಮತ್ತು ಸ್ಪರ್ಶವನ್ನು ಗ್ರಹಿಸುವುದು, ಒಂದೇ ಕ್ರಮವನ್ನು ಬಯಸುವುದು, ಇವೆಲ್ಲ ಪ್ರತಿ ಮಗುವಿನಲ್ಲೂ ಬೇರೆ ಬೇರೆ ರೀತಿ ಕಾಣುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 127 ಜನರಲ್ಲಿ ಒಬ್ಬರಿಗೆ ಆಟಿಸಂ ಇತ್ತು.

ಆಟಿಸಂನ ಮೂಲ ಲಕ್ಷಣಗಳನ್ನು ತೆಗೆದುಹಾಕುವ ಔಷಧ ಇಲ್ಲ. ಔಷಧ ಓದಿದವಳಾಗಿ ಇದನ್ನು ಒತ್ತಿ ಹೇಳುತ್ತೇನೆ. ಮಗು ತೀವ್ರವಾಗಿ ಕೆರಳಿ ತನ್ನನ್ನೋ ಇತರರನ್ನೋ ಗಾಯಗೊಳಿಸಿಕೊಳ್ಳುವಂತಿದ್ದರೆ ವೈದ್ಯರು ರಿಸ್ಪೆರಿಡೋನ್ ಅಥವಾ ಅರಿಪಿಪ್ರಜೋಲ್ ಬರೆಯಬಹುದು. ಅದು ಕೆರಳುವಿಕೆಯನ್ನು ತಗ್ಗಿಸಲು ಮಾತ್ರ. ನಿದ್ರೆ, ಮೂರ್ಛೆ, ಚಂಚಲತೆಗೆ ಬೇರೆ ಔಷಧಗಳಿವೆ. ಇವು ಯಾವುವೂ ಆಟಿಸಂಗೇ ಕೊಡುವ ಮದ್ದಲ್ಲ.

ಮಗುವಿನ ಬದುಕನ್ನು ಹಗುರ ಮಾಡುವುದು ನಿಧಾನವಾದ, ನಿತ್ಯದ ಬೆಂಬಲ: ಮಾತಿನ ಥೆರಪಿ, ಆಕ್ಯುಪೇಷನಲ್ ಥೆರಪಿ, ವಿಶೇಷ ಶಿಕ್ಷಣ, ಚಿತ್ರ ಅಥವಾ ಟ್ಯಾಬ್ ಮೂಲಕ ಸಂವಹನ ಮತ್ತು ಮನೆಯವರಿಗೆ ತರಬೇತಿ. ದೇಣಿಗೆಯ ಹಣ ಚೆನ್ನಾಗಿ ಕೆಲಸ ಮಾಡುವುದು ಇಲ್ಲಿಯೇ.

ಒಂದು ಉದಾಹರಣೆ ನೋಡಿ. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ಆಟಿಸಂ ಇರುವ 65 ಮಕ್ಕಳ ಮೇಲೆ ನಡೆದ ಒಂದು ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಅಲ್ಲಿ ದೊಡ್ಡ ತಜ್ಞರ ಬದಲು ತರಬೇತಿ ಪಡೆದ ಸ್ಥಳೀಯ ಆರೋಗ್ಯ ಕಾರ್ಯಕರ್ತರು ಪೋಷಕರಿಗೆ ಕಲಿಸಿದರು. ಪೋಷಕರು ಮಗುವಿನ ಜೊತೆ ಆಡುವುದನ್ನು ವಿಡಿಯೊ ಮಾಡಿ, ಅದನ್ನು ಒಟ್ಟಿಗೆ ನೋಡಿ, ಮಗುವಿನ ಸಂಜ್ಞೆಗೆ ಹೇಗೆ ಸ್ಪಂದಿಸಬೇಕೆಂದು ಹೇಳಿಕೊಟ್ಟರು. ಪೋಷಕರು ಮಗುವಿಗೆ ಹೊಂದಿಕೊಂಡು ಸ್ಪಂದಿಸುವುದು ಹೆಚ್ಚಿತು. ಮಕ್ಕಳು ತಾವಾಗಿಯೇ ಸಂವಹನ ಶುರುಮಾಡುವುದೂ ಹೆಚ್ಚಿತು. ಎಲ್ಲ ಅಳತೆಗಳಲ್ಲೂ ಸುಧಾರಣೆ ಕಂಡಿತು ಎಂದೇನಿಲ್ಲ. ಆದರೂ ತಜ್ಞರು ಕಡಿಮೆ ಇರುವ ಕಡೆ ಕಾರ್ಯಕರ್ತರ ತರಬೇತಿಗೆ ಹಾಕಿದ ಹಣ ವ್ಯರ್ಥವಾಗುವುದಿಲ್ಲ ಎಂದು ಇದರಿಂದ ಗೊತ್ತಾಗುತ್ತದೆ.

ಹೊರರಾಜ್ಯದಲ್ಲಿರುವ ಕನ್ನಡ ಮನೆಗಳಿಗೆ ಇನ್ನೊಂದು ವಿಷಯ. ಥೆರಪಿ ಕೇಂದ್ರದವರು ಮನೆಯಲ್ಲಿ ಮಾಡಬೇಕಾದ ಅಭ್ಯಾಸಗಳನ್ನು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಬರೆದುಕೊಡುತ್ತಾರೆ. ಹಗಲೆಲ್ಲ ಮಗುವಿನ ಜೊತೆ ಇರುವ ಅಜ್ಜಿಗೆ ಕನ್ನಡ ಮಾತ್ರ ಬರುತ್ತದೆ. ಇಂಥ ಹಾಳೆಗಳನ್ನು ಮನೆಭಾಷೆಗೆ ತರುವುದಕ್ಕೂ ಸಂಸ್ಥೆಗಳಿಗೆ ಹಣ ಬೇಕು. "ಒಂದೇ ಭಾಷೆ ಇಟ್ಟುಕೊಳ್ಳಿ, ಕನ್ನಡ ಬಿಡಿ" ಎಂಬ ಸಲಹೆ ನಿಮಗೂ ಸಿಕ್ಕಿರಬಹುದು. ಎರಡು ಭಾಷೆ ಕೇಳಿ ಬೆಳೆದರೆ ಆಟಿಸಂ ಇರುವ ಮಗುವಿನ ಮಾತು ಹಿಂದೆ ಬೀಳುತ್ತದೆ ಎಂಬುದನ್ನು ಸಂಶೋಧನೆಗಳು ಸಮರ್ಥಿಸಿಲ್ಲ. ಅಜ್ಜಿ ಕನ್ನಡದಲ್ಲೇ ಮಾತಾಡಲಿ.

ಯಾವುದಕ್ಕೆ ಹಣ ಎತ್ತಬಾರದು?

"ಸ್ಟೆಮ್ ಸೆಲ್ ಚಿಕಿತ್ಸೆಯಿಂದ ಆಟಿಸಂ ಗುಣ" ಎಂಬ ಜಾಹೀರಾತು ನೋಡಿ, ಲಕ್ಷಾಂತರ ರೂಪಾಯಿ ಖರ್ಚಿಗಾಗಿ ಜನರ ಮುಂದೆ ಕೈಚಾಚುವ ಕುಟುಂಬಗಳಿವೆ. ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆಯನ್ನು ಶಿಫಾರಸು ಮಾಡುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. ಐಸಿಎಂಆರ್‌ನ 2017ರ ಮಾರ್ಗಸೂಚಿಯ ಪ್ರಕಾರವೂ ಇಂಥ ಪ್ರಯೋಗ ನಡೆಯಬೇಕಾದದ್ದು ಅನುಮತಿ ಪಡೆದ ಕ್ಲಿನಿಕಲ್ ಟ್ರಯಲ್ ಒಳಗೆ ಮಾತ್ರ.

ಚಿಲೇಷನ್ ಎಂಬುದು ಇನ್ನೊಂದು ಅಪಾಯ. ದೇಹದಿಂದ ಭಾರಲೋಹ ತೆಗೆಯುವ ಔಷಧವನ್ನು ಆಟಿಸಂಗೆ ಕೊಟ್ಟು, 2005ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಐದು ವರ್ಷದ ಬಾಲಕ ಮೃತಪಟ್ಟ. ರಕ್ತದ ಕ್ಯಾಲ್ಸಿಯಂ ವಿಪರೀತ ಇಳಿದು ಹೃದಯ ನಿಂತಿತು. ಹೆಚ್ಚು ಒತ್ತಡದ ಆಮ್ಲಜನಕದ ಪೆಟ್ಟಿಗೆ, ಕ್ಲೋರಿನ್ ಡೈಆಕ್ಸೈಡ್ ದ್ರಾವಣ ಕೂಡ ಇದೇ ಪಟ್ಟಿಗೆ ಸೇರುತ್ತವೆ. ಕ್ಲೋರಿನ್ ಡೈಆಕ್ಸೈಡ್ ಬ್ಲೀಚ್‌ನಂಥ ರಾಸಾಯನಿಕ. ಅದು ಮಗುವಿನ ಹೊಟ್ಟೆಗೆ ಹೋಗಲೇಬಾರದು.

ನೀವು ಆರಿಸುವ ಸಂಸ್ಥೆ ಇವುಗಳಲ್ಲಿ ಯಾವುದನ್ನಾದರೂ ನಡೆಸುತ್ತಿದ್ದರೆ ಅಥವಾ "ಗುಣಪಡಿಸುತ್ತೇವೆ" ಎಂದು ಹೇಳುತ್ತಿದ್ದರೆ, ಬೇರೆ ಸಂಸ್ಥೆ ನೋಡಿ.

ಸಂಸ್ಥೆಯನ್ನು ಪರಿಶೀಲಿಸುವುದು ಹೇಗೆ?

ಫೋನ್ ಮಾಡಿ ಈ ಪ್ರಶ್ನೆಗಳನ್ನು ಕೇಳಿ. ಒಳ್ಳೆಯ ಸಂಸ್ಥೆಯವರು ಬೇಸರಿಸಿಕೊಳ್ಳುವುದಿಲ್ಲ.

• ಆದಾಯ ತೆರಿಗೆ ಇಲಾಖೆಯಲ್ಲಿ ನೋಂದಣಿ ಇದೆಯೇ? ದಾನಿಗಳಿಗೆ 80ಜಿ ರಸೀದಿ ಕೊಡುತ್ತೀರಾ?
• ನೀತಿ ಆಯೋಗದ ದರ್ಪಣ್ ಪೋರ್ಟಲ್‌ನಲ್ಲಿ ಹೆಸರು ಇದೆಯೇ?
• ಕಳೆದ ವರ್ಷದ ವಾರ್ಷಿಕ ವರದಿ ಮತ್ತು ಲೆಕ್ಕಪತ್ರ ನೋಡಬಹುದೇ?
• ಈ ಓಟದಿಂದ ಬಂದ ಹಣ ಯಾವ ಕೆಲಸಕ್ಕೆ ಹೋಗುತ್ತದೆ?
• ಥೆರಪಿ ಕೊಡುವವರ ಅರ್ಹತೆ ಏನು? ಅವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ?
• ಆಟಿಸಂ ಇರುವ ವಯಸ್ಕರಿಗೆ ನಿಮ್ಮಲ್ಲಿ ಏನಿದೆ?

ಕೊನೆಯ ಪ್ರಶ್ನೆಯನ್ನು ಮರೆಯಬೇಡಿ. ದೇಣಿಗೆ ಪತ್ರಗಳಲ್ಲಿ ಕಾಣುವುದು ಚಿಕ್ಕ ಮಕ್ಕಳ ಮುಖ. ಆ ಮಕ್ಕಳಿಗೆ 25 ವರ್ಷವಾದಾಗ ಕೆಲಸ, ವಸತಿ, ಜೊತೆಗಾರಿಕೆ ಬೇಕಾಗುತ್ತದೆ. ಅದಕ್ಕೆ ಹಣ ಹೊಂದಿಸುವುದು ಕಷ್ಟ.

ಹಣ ನಿಮ್ಮ ಖಾತೆಗೆ ಬರಬಾರದು

"ನನ್ನ ಗೂಗಲ್ ಪೇಗೆ ಹಾಕಿ, ನಾನು ಒಟ್ಟಿಗೆ ಕಟ್ಟುತ್ತೇನೆ" ಎನ್ನುವುದು ಸುಲಭ ಎನಿಸುತ್ತದೆ. ಇದರಲ್ಲಿ ಮೂರು ತೊಡಕುಗಳಿವೆ. ರಸೀದಿ ನಿಮ್ಮ ಹೆಸರಿಗೆ ಬರುತ್ತದೆ, ದಾನಿಗೆ ತೆರಿಗೆ ಲಾಭ ಸಿಗುವುದಿಲ್ಲ. ಲೆಕ್ಕದ ಬಗ್ಗೆ ಮುಂದೆ ಯಾರಾದರೂ ಒಂದು ಮಾತು ಆಡಿದರೂ ಸಂಬಂಧ ಕೆಡುತ್ತದೆ. ಮೂರನೆಯದಾಗಿ, ತೆರಿಗೆ ಕಾನೂನು ಹೇಳುವ ಬಂಧುಗಳ ಪಟ್ಟಿಯಲ್ಲಿ ಇಲ್ಲದವರಿಂದ ಒಂದು ಆರ್ಥಿಕ ವರ್ಷದಲ್ಲಿ ಒಟ್ಟು ₹50,000ಕ್ಕಿಂತ ಹೆಚ್ಚು ಹಣ ನಿಮಗೆ ಉಡುಗೊರೆಯಾಗಿ ಬಂದರೆ ಅಷ್ಟೂ ಮೊತ್ತ ನಿಮ್ಮ ಆದಾಯ ಎಂದು ಎಣಿಕೆಯಾಗಬಹುದು. ಹಾಗಾಗಿ ಸಂಸ್ಥೆಯ ಲಿಂಕ್ ಅಥವಾ ಸಂಸ್ಥೆಯ ಬ್ಯಾಂಕ್ ಖಾತೆಯನ್ನೇ ಕೊಡಿ.

ಆನ್‌ಲೈನ್ ವೇದಿಕೆ ಬಳಸಿದರೆ ಶುಲ್ಕ ಎಷ್ಟು ಎಂದು ಮೊದಲೇ ನೋಡಿ. ಕೆಲವು ಕಡೆ ದಾನಿ ಹಣ ಕಟ್ಟುವಾಗ "ಟಿಪ್" ಎಂದು ಒಂದಿಷ್ಟು ಶೇಕಡಾ ತಾನಾಗಿಯೇ ಸೇರಿರುತ್ತದೆ. ಅದನ್ನು ತೆಗೆಯಬಹುದು ಎಂದು ನಿಮ್ಮ ದಾನಿಗಳಿಗೆ ತಿಳಿಸಿ.

80ಜಿ ರಸೀದಿಯಿಂದ ಎಷ್ಟು ಉಳಿಯುತ್ತದೆ?

"80ಜಿ ಇದೆ, ಹಣ ವಾಪಸ್ ಬರುತ್ತದೆ" ಎಂದು ಹೇಳಬೇಡಿ. ಹೆಚ್ಚಿನ ಸೇವಾಸಂಸ್ಥೆಗಳಿಗೆ ಕೊಟ್ಟ ದೇಣಿಗೆಯಲ್ಲಿ ಅರ್ಧ ಭಾಗ, ಒಂದು ಮಿತಿಯೊಳಗೆ, ದಾನಿಯ ತೆರಿಗೆಯೋಗ್ಯ ಆದಾಯದಿಂದ ಕಳೆಯಲ್ಪಡುತ್ತದೆ. ₹5,000 ಕೊಟ್ಟರೆ ₹2,500 ಕಳೆಯುತ್ತದೆ. ದಾನಿ ಶೇ 20ರ ತೆರಿಗೆ ಹಂತದಲ್ಲಿದ್ದರೆ ಉಳಿಯುವುದು ಸುಮಾರು ₹500, ಶೇ 30ರ ಹಂತದಲ್ಲಿದ್ದರೆ ಸುಮಾರು ₹750. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಇದೂ ಸಿಗುವುದಿಲ್ಲ. ₹2,000ಕ್ಕಿಂತ ಹೆಚ್ಚು ನಗದು ಕೊಟ್ಟರೆ ಅದಕ್ಕೂ ವಿನಾಯಿತಿ ಇಲ್ಲ. ಬ್ಯಾಂಕ್, ಯುಪಿಐ ಅಥವಾ ಚೆಕ್ ಮೂಲಕವೇ ಕೊಡಲು ಹೇಳಿ. ದಾನಿಯ ಪ್ಯಾನ್ ಸಂಖ್ಯೆಯೂ ಬೇಕು.

2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬರುವುದರಿಂದ ಸೆಕ್ಷನ್‌ಗಳ ಸಂಖ್ಯೆ ಬದಲಾಗುತ್ತದೆ. ರಸೀದಿಯಲ್ಲಿ ಬೇರೆ ಸಂಖ್ಯೆ ಕಂಡರೆ ಗಾಬರಿ ಬೇಡ, ಸಂಸ್ಥೆಯ ಲೆಕ್ಕ ವಿಭಾಗವನ್ನು ಕೇಳಿ.

ಅಮೆರಿಕದಲ್ಲಿರುವ ಅಣ್ಣ ಹಣ ಕಳಿಸಬಹುದೇ?

ಅಣ್ಣನ ಕೈಯಲ್ಲಿ ಯಾವ ಪಾಸ್‌ಪೋರ್ಟ್ ಇದೆ ಎಂಬುದರ ಮೇಲೆ ಉತ್ತರ ನಿಂತಿದೆ. ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿ ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದನ್ನು ವಿದೇಶಿ ದೇಣಿಗೆ ಎಂದು ಪರಿಗಣಿಸುವುದಿಲ್ಲ. ವಿದೇಶಿ ಪೌರತ್ವ ಪಡೆದಿದ್ದರೆ, ಒಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆಯೇ. ಅದನ್ನು ಪಡೆಯಲು ಸಂಸ್ಥೆಗೆ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ, ಅಂದರೆ ಎಫ್‌ಸಿಆರ್‌ಎ ಅಡಿ, ನೋಂದಣಿ ಅಥವಾ ಅನುಮತಿ ಇರಬೇಕು. ಇಲ್ಲದಿದ್ದರೆ ತೊಂದರೆಗೆ ಸಿಲುಕುವುದು ಸಂಸ್ಥೆ. ಲಿಂಕನ್ನು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕುವ ಮೊದಲೇ ಸಂಸ್ಥೆಯನ್ನು ಇದರ ಬಗ್ಗೆ ಕೇಳಿಕೊಳ್ಳಿ.

ಮಗುವಿನ ಕಥೆ ಎಷ್ಟು ಹೇಳಬೇಕು?

ಕಣ್ಣೀರು ತರಿಸಿದರೆ ಹೆಚ್ಚು ಹಣ ಬರುತ್ತದೆ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಮಗು ನೆಲಕ್ಕೆ ಬಿದ್ದು ಅಳುವ ವಿಡಿಯೊ ಹಾಕಿದರೆ ಬೇಗ ಹರಡುತ್ತದೆ. ಆದರೆ ಅದು ಮತ್ತೆ ನಿಮ್ಮ ಕೈಗೆ ಸಿಗುವುದಿಲ್ಲ. ಹತ್ತು ವರ್ಷದ ಮೇಲೆ ಮಗುವಿನ ಸಹಪಾಠಿ ಅದನ್ನು ನೋಡಬಹುದು, ಮಗುವೇ ನೋಡಬಹುದು. ಮಾತು ಬಾರದ ಮಕ್ಕಳಲ್ಲೂ ಅನೇಕರು ತಮ್ಮ ಬಗ್ಗೆ ಹೇಳುವುದನ್ನು ಅರ್ಥ ಮಾಡಿಕೊಳ್ಳುತ್ತಾರೆ.

ಬರೆಯುವ ಮೊದಲು ಒಂದು ಪ್ರಶ್ನೆ ಹಾಕಿಕೊಳ್ಳಿ: ಈ ವಾಕ್ಯವನ್ನು ಮಗುವಿನ ಎದುರು ಗಟ್ಟಿಯಾಗಿ ಓದಬಲ್ಲೆನೇ? ಓದಲಾಗದಿದ್ದರೆ ಅದನ್ನು ತೆಗೆಯಿರಿ. ಶಾಲೆಯ ಹೆಸರು, ಮನೆಯ ವಿಳಾಸ, ಔಷಧಗಳ ಹೆಸರು, ವೈದ್ಯರ ವರದಿಯ ಫೋಟೊ, ಶೌಚದ ತೊಂದರೆ, ಇವು ಬೇಡ. ಅಣ್ಣ, ತಂಗಿ ಇದ್ದರೆ ಅವರನ್ನೂ ಕೇಳಿ. ಮಗುವಿಗೆ ತಿಳಿಯುವ ರೀತಿಯಲ್ಲಿ, ಚಿತ್ರದ ಮೂಲಕವಾದರೂ, "ಅಮ್ಮ ಓಡುತ್ತಾಳೆ, ನಿನ್ನ ಫೋಟೊ ಹಾಕಲಾ?" ಎಂದು ಕೇಳಿ. ಮುಖ ತಿರುಗಿಸಿದರೆ ಅದನ್ನು ಉತ್ತರವೆಂದೇ ಒಪ್ಪಿಕೊಳ್ಳಿ.

ಪದಗಳನ್ನೂ ನೋಡಿಕೊಳ್ಳಿ. "ಆಟಿಸಂನಿಂದ ನರಳುವ", "ನಮ್ಮ ಹಣೆಬರಹ", "ಪೂರ್ವಜನ್ಮದ ಕರ್ಮ" ಇಂಥ ಮಾತು ಓದಿದವರಿಗೆ ಬರುವುದು ಕನಿಕರ. ಶಾಲೆಯಲ್ಲಿ ಮಗುವಿಗೆ ಸೀಟು ಕೇಳಲು ಹೋದಾಗ ಆ ಕನಿಕರ ಉಪಯೋಗಕ್ಕೆ ಬರುವುದಿಲ್ಲ.

ಒಂದು ಮಾದರಿ ಸಂದೇಶ ಇಲ್ಲಿದೆ. ನಿಮಗೆ ಬೇಕಾದಂತೆ ಬದಲಿಸಿಕೊಳ್ಳಿ:

"ನಮಸ್ಕಾರ. ಬರುವ ಜನವರಿಯಲ್ಲಿ ನಾನು 10 ಕಿಲೋಮೀಟರ್ ಓಡುತ್ತಿದ್ದೇನೆ. ಶಾಲೆ ಬಿಟ್ಟ ಮೇಲೆ ಇದೇ ನನ್ನ ಮೊದಲ ಓಟ! ನಮ್ಮ ಮನೆಯಲ್ಲಿ ಆಟಿಸಂ ಇರುವ ಮಗು ಇದೆ ಎಂದು ನಿಮ್ಮಲ್ಲಿ ಹಲವರಿಗೆ ಗೊತ್ತು. ಮಗುವಿಗೆ ಆಟ, ಮಾತು ಕಲಿಸುವುದು ಹೇಗೆಂದು ನಮಗೆ ಹೇಳಿಕೊಟ್ಟ ಸಂಸ್ಥೆ ಈಗ ಫೀಸು ಕಟ್ಟಲಾಗದ ಮನೆಗಳ ಪೋಷಕರಿಗೂ ತರಬೇತಿ ಶುರುಮಾಡುತ್ತಿದೆ. ಅದಕ್ಕಾಗಿ ಹಣ ಸೇರಿಸುತ್ತಿದ್ದೇನೆ. ಕೆಳಗಿನ ಲಿಂಕ್ ನೇರವಾಗಿ ಸಂಸ್ಥೆಯದ್ದು, ರಸೀದಿ ನಿಮ್ಮ ಹೆಸರಿಗೇ ಬರುತ್ತದೆ. ಓಟದ ಪ್ರವೇಶ ಶುಲ್ಕ, ಶೂ ಎಲ್ಲ ನನ್ನ ಖರ್ಚು. ನಾನು ಓಟ ಮುಗಿಸಲಾಗದಿದ್ದರೂ ನಿಮ್ಮ ದೇಣಿಗೆ ಸಂಸ್ಥೆಗೇ ಸೇರುತ್ತದೆ. ಕೊಡಲು ಆಗದಿದ್ದರೆ ಬೇಸರವಿಲ್ಲ, ಓಟದ ದಿನ ಒಂದು ಮೆಸೇಜ್ ಹಾಕಿ, ಸಾಕು."

ಕೊನೆಯ ಮೂರು ವಾಕ್ಯಗಳನ್ನು ಬಿಡಬೇಡಿ. ದಾನಿಯ ಮನಸ್ಸಿನಲ್ಲಿರುವ, ಬಾಯಿಬಿಟ್ಟು ಕೇಳದ ಅನುಮಾನಗಳಿಗೆ ಅವು ಉತ್ತರ.

ನಿಮ್ಮ ಅಳತೆಗೆ ತಕ್ಕ ಸವಾಲು

ಪೂರ್ಣ ಮ್ಯಾರಥಾನಿಗೆ ಹೊಸಬರು ತಿಂಗಳುಗಟ್ಟಲೆ ತಯಾರಿ ಮಾಡಬೇಕು. ವಾರಾಂತ್ಯದ ಬೆಳಿಗ್ಗೆ ಮೂರು ಗಂಟೆ ಮನೆಯಿಂದ ಹೊರಗೆ ಇರಬೇಕಾಗುತ್ತದೆ. ಆ ಹೊತ್ತಿನಲ್ಲಿ ಮಗುವನ್ನು ನೋಡಿಕೊಳ್ಳುವವರು ಯಾರು? ರಾತ್ರಿ ಎರಡು ಗಂಟೆಗೆ ಎದ್ದು ಕೂರುವ ಮಗು ಇರುವ ಮನೆಯಲ್ಲಿ ನಾಲ್ಕಕ್ಕೆ ಎದ್ದು ಓಡುವುದು ಎಷ್ಟು ದಿನ ಸಾಧ್ಯ? ಉತ್ತರ ಕಷ್ಟವೆನಿಸಿದರೆ 10 ಕಿಲೋಮೀಟರ್ ಅಥವಾ ಮುಂಬೈಯ ಡ್ರೀಮ್ ರನ್‌ನಂಥ ಸುಮಾರು 6 ಕಿಲೋಮೀಟರಿನ ಓಟ ಆರಿಸಿ. ದಾನಿಗಳು ಕಿಲೋಮೀಟರ್ ಎಣಿಸಿ ಹಣ ಕೊಡುವುದಿಲ್ಲ.

ಸಕ್ಕರೆ ಕಾಯಿಲೆ, ಬಿಪಿ, ಹೃದಯದ ತೊಂದರೆ ಇದ್ದರೆ, ಅಥವಾ 40 ದಾಟಿ ಈಗಷ್ಟೇ ವ್ಯಾಯಾಮ ಶುರುಮಾಡುತ್ತಿದ್ದರೆ ಮೊದಲು ವೈದ್ಯರನ್ನು ಕಾಣಿ. ಎದೆನೋವು, ತಲೆಸುತ್ತು, ಅತಿಯಾದ ಏದುಸಿರು ಬಂದರೆ ಅಲ್ಲೇ ನಿಲ್ಲಿ.

ಓಡುವವರು ಔಷಧದ ಬಗ್ಗೆ ತಿಳಿದಿರಬೇಕಾದದ್ದು

ನೋವಿನ ಮಾತ್ರೆ: "ಓಟದ ದಿನ ಮೊಣಕಾಲು ನೋಯದಿರಲಿ" ಎಂದು ಬೆಳಿಗ್ಗೆಯೇ ಐಬುಪ್ರೊಫೆನ್, ಡೈಕ್ಲೋಫಿನಾಕ್ ಅಥವಾ ಅಸಿಕ್ಲೋಫಿನಾಕ್ ನುಂಗುವ ಅಭ್ಯಾಸ ಇದೆ. ಬೆವರಿ ನೀರಿನಂಶ ಇಳಿದ ದೇಹದಲ್ಲಿ ಇವು ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ಇನ್ನಷ್ಟು ಕಡಿಮೆ ಮಾಡುತ್ತವೆ. ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯವೂ ಇದೆ. ಓಟದ ಮೊದಲು, ಓಟದ ನಡುವೆ ಇವು ಬೇಡ. ಮಾತ್ರೆ ನುಂಗಿಯೇ ಓಡಬೇಕಾದ ನೋವಿದ್ದರೆ ಆ ದಿನ ಓಡದಿರುವುದೇ ಸರಿ.

ಭೇದಿಗೆ ತೆಗೆದುಕೊಂಡ ಆ್ಯಂಟಿಬಯಾಟಿಕ್: ಸಿಪ್ರೊಫ್ಲಾಕ್ಸಾಸಿನ್, ಓಫ್ಲಾಕ್ಸಾಸಿನ್, ಲಿವೊಫ್ಲಾಕ್ಸಾಸಿನ್ ಗುಂಪಿನ ಔಷಧಗಳಿಂದ ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಊದಿಕೊಳ್ಳುವ, ಅಪರೂಪಕ್ಕೆ ಹರಿಯುವ ಅಪಾಯವಿದೆ. ಔಷಧ ನಿಲ್ಲಿಸಿದ ಮೇಲೂ ಕೆಲವು ವಾರ, ತಿಂಗಳವರೆಗೆ ಇದು ಕಾಣಿಸಿಕೊಳ್ಳಬಹುದು. ಇತ್ತೀಚೆಗೆ ಇವನ್ನು ತೆಗೆದುಕೊಂಡಿದ್ದರೆ ವೈದ್ಯರಿಗೆ ಹೇಳಿ. ಚೀಟಿ ಇಲ್ಲದೆ ಇವನ್ನು ಕೊಳ್ಳಲೇಬೇಡಿ.

ನೀರು ಮತ್ತು ಓಆರ್‌ಎಸ್: ನೀರು ಕಡಿಮೆಯಾದರೂ ಕಷ್ಟ, ಬಾಯಾರಿಕೆ ಮೀರಿ ಲೀಟರುಗಟ್ಟಲೆ ಕುಡಿದರೂ ಕಷ್ಟ. ಅತಿಯಾಗಿ ಕುಡಿದರೆ ರಕ್ತದ ಸೋಡಿಯಂ ಇಳಿದು ತಲೆನೋವು, ವಾಂತಿ, ಗೊಂದಲ, ಮೂರ್ಛೆ ಬರಬಹುದು. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ಅಥವಾ ಖಿನ್ನತೆಗೆ ಎಸ್ಸಿಟಲೋಪ್ರಾಮ್‌ನಂಥ ಮಾತ್ರೆ ತೆಗೆದುಕೊಳ್ಳುವವರಲ್ಲಿ ಸೋಡಿಯಂ ಇಳಿಯುವ ಸಂಭವ ಹೆಚ್ಚು. ಆರೈಕೆ ಮಾಡುವವರಲ್ಲಿ ಇಂಥ ಮಾತ್ರೆ ತೆಗೆದುಕೊಳ್ಳುವವರು ಸಾಕಷ್ಟಿದ್ದಾರೆ, ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಓಟಕ್ಕಾಗಿ ಮಾತ್ರೆ ನಿಲ್ಲಿಸಬೇಡಿ, ವೈದ್ಯರ ಜೊತೆ ಮಾತಾಡಿ. ಓಆರ್‌ಎಸ್ ಬಳಸಿದರೆ ಪ್ಯಾಕೆಟ್ ಮೇಲೆ ಬರೆದಷ್ಟೇ ನೀರಿಗೆ ಬೆರೆಸಿ. 1 ಲೀಟರಿನ ಪ್ಯಾಕೆಟ್ಟನ್ನು ಅರ್ಧ ಲೀಟರಿಗೆ ಹಾಕಿದರೆ ಲಾಭ ಹೆಚ್ಚುವುದಿಲ್ಲ, ಹೊಟ್ಟೆ ಕೆಡುತ್ತದೆ.

ಇನ್ಸುಲಿನ್ ಮತ್ತು ಸಕ್ಕರೆ ಮಾತ್ರೆ: ದೀರ್ಘ ಓಟದಲ್ಲೂ ಅದಾದ ಕೆಲವು ಗಂಟೆಗಳವರೆಗೂ ಸಕ್ಕರೆ ಇಳಿಯಬಹುದು. ಡೋಸ್ ಬದಲಿಸಬೇಕೇ ಎಂದು ಅಭ್ಯಾಸ ಶುರುಮಾಡುವಾಗಲೇ ಕೇಳಿ. ಜೇಬಿನಲ್ಲಿ ಗ್ಲೂಕೋಸ್ ಇರಲಿ.

ಓಟದ ದಿನ ಮಗು ಬರಬೇಕೇ?

ಬರಲೇಬೇಕೆಂದಿಲ್ಲ. ಸ್ಪೀಕರ್, ಸೀಟಿ, ಡೋಲು, ಸಾವಿರಾರು ಜನ, ಇವೆಲ್ಲ ಶಬ್ದಕ್ಕೆ ಸೂಕ್ಷ್ಮವಾಗಿರುವ ಮಗುವಿಗೆ ಹಿಂಸೆಯಾಗಬಹುದು. ಹಿಂದಿನ ಸಂಜೆ ಮನೆಯ ಮುಂದೆ ನೂರು ಮೀಟರ್ ಒಟ್ಟಿಗೆ ಓಡಿದರೂ ಸಂತೋಷವೇ.

ಮಗುವಿಗೆ ಮೂರ್ಛೆ ರೋಗವೂ ಇದ್ದರೆ ಇನ್ನೂ ಎಚ್ಚರ ಬೇಕು. ಆಟಿಸಂ ಇರುವವರಲ್ಲಿ ಮೂರ್ಛೆ ರೋಗ ಇತರರಿಗಿಂತ ಹೆಚ್ಚು ಕಾಣುತ್ತದೆ. ನಿದ್ರೆಗೆಡುವುದು ಮತ್ತು ಔಷಧದ ಹೊತ್ತು ತಪ್ಪುವುದು, ಎರಡೂ ಫಿಟ್ಸ್ ಬರಲು ಕಾರಣವಾಗಬಹುದು. ಬೆಳಗಿನ ಜಾವ ಮೂರಕ್ಕೆ ಎಬ್ಬಿಸಿ ಕರೆದುಕೊಂಡು ಹೋದರೆ ಎರಡೂ ಒಟ್ಟಿಗೆ ಆಗುತ್ತವೆ. ಮಗು ಮಲಗಿರಲಿ, ಮನೆಯಲ್ಲಿರುವವರ ಕೈಗೆ ಬೆಳಗಿನ ಡೋಸ್ ಬರೆದುಕೊಡಿ.

ಕರೆದುಕೊಂಡು ಹೋಗುವುದಾದರೆ, ಮಗುವಿನ ಜೊತೆಗೇ ಇರುವ ಒಬ್ಬ ದೊಡ್ಡವರು ಬೇಕು. ಅವರು ಓಡುವವರಾಗಿರಬಾರದು. ಕಿವಿಗೆ ಶಬ್ದ ತಗ್ಗಿಸುವ ಹೆಡ್‌ಫೋನ್, ಬಟ್ಟೆಯ ಒಳಭಾಗದಲ್ಲಿ ಫೋನ್ ನಂಬರ್, ಪರಿಚಿತ ತಿಂಡಿ, ಬೇಗ ಹೊರಡಲು ಒಂದು ದಾರಿ ಇಟ್ಟುಕೊಳ್ಳಿ. ರಿಸ್ಪೆರಿಡೋನ್‌ನಂಥ ಔಷಧ ತೆಗೆದುಕೊಳ್ಳುವ ಮಕ್ಕಳಿಗೆ ಬಿಸಿಲಿನ ತಾಪ ತಡೆಯುವುದು ಕಷ್ಟವಾಗಬಹುದು. ನೆರಳು, ನೀರು ಇರಲಿ.

"ಸುಮ್ಮನೆ ಕೂರಲಿ" ಎಂದು ಶೀತದ ಸಿರಪ್ ಅಥವಾ ನಿದ್ರೆ ಬರಿಸುವ ಅಲರ್ಜಿ ಔಷಧ ಕೊಡಬೇಡಿ. ಕೆಲವು ಮಕ್ಕಳು ಅದರಿಂದ ಮಲಗುವ ಬದಲು ಇನ್ನಷ್ಟು ಕೆರಳುತ್ತಾರೆ. ಈಗಾಗಲೇ ತೆಗೆದುಕೊಳ್ಳುತ್ತಿರುವ ಔಷಧದ ಜೊತೆ ಸೇರಿದರೆ ಮಂಪರು ಅಪಾಯದ ಮಟ್ಟಕ್ಕೂ ಹೋಗಬಹುದು.

ನಿಮ್ಮ ಮಗುವಿಗೆ ಸಿಗಬೇಕಾದದ್ದನ್ನು ಮೊದಲು ಪಡೆಯಿರಿ

ಇತರರಿಗಾಗಿ ಹಣ ಸಂಗ್ರಹಿಸುವ ಪೋಷಕರು ಎಷ್ಟೋ ಸಲ ತಮ್ಮ ಮಗುವಿನ ಹಕ್ಕುಗಳನ್ನೇ ಪಡೆದಿರುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ಅಂಗವೈಕಲ್ಯಗಳಲ್ಲಿ ಆಟಿಸಂ ಒಂದು. ಯುಡಿಐಡಿ ಕಾರ್ಡ್ ಯಾವ ರಾಜ್ಯದಲ್ಲಿ ಮಾಡಿಸಿದರೂ ದೇಶದ ಎಲ್ಲೆಡೆ ಮಾನ್ಯ. ಪದೇಪದೇ ಊರು ಬದಲಿಸುವವರಿಗೆ ಇದು ಬಹಳ ಉಪಯೋಗ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿಯ ನಿರಾಮಯ ಯೋಜನೆ ವರ್ಷಕ್ಕೆ ₹1 ಲಕ್ಷದವರೆಗೆ ಆರೋಗ್ಯ ವಿಮೆ ಕೊಡುತ್ತದೆ. ಅದರಲ್ಲಿ ಥೆರಪಿಗೂ ಒಂದು ಪಾಲಿದೆ. ಹಳೆಯ ತೆರಿಗೆ ಪದ್ಧತಿಯಲ್ಲಿರುವ ಪೋಷಕರಿಗೆ ಶೇ 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯಕ್ಕೆ ₹75,000, ಶೇ 80 ಮತ್ತು ಅದಕ್ಕಿಂತ ಹೆಚ್ಚಿದ್ದರೆ ₹1,25,000 ಆದಾಯ ಕಡಿತ ಇದೆ.

ಮಾಹಿತಿಗೆ ಚೆನ್ನೈ ಹತ್ತಿರದ ಮುಟ್ಟುಕಾಡಿನಲ್ಲಿ ಬಹು ಅಂಗವೈಕಲ್ಯದ ರಾಷ್ಟ್ರೀಯ ಸಂಸ್ಥೆ, ಸಿಕಂದರಾಬಾದಿನಲ್ಲಿ ಬೌದ್ಧಿಕ ಅಂಗವೈಕಲ್ಯದ ರಾಷ್ಟ್ರೀಯ ಸಂಸ್ಥೆ, ಮುಂಬೈಯ ಬಾಂದ್ರಾದಲ್ಲಿ ಅಲಿ ಯಾವರ್ ಜಂಗ್ ಸಂಸ್ಥೆ ಇವೆ. ಊರಿಗೆ ಹೋದಾಗ ಕನ್ನಡದಲ್ಲೇ ಮಾತಿನ ಪರೀಕ್ಷೆ ಆಗಬೇಕೆಂದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ಓಟ ಮುಗಿದ ಮೇಲೆ

ಒಂದು ವಾರದೊಳಗೆ ಎಲ್ಲ ದಾನಿಗಳಿಗೂ ಬರೆಯಿರಿ: ಒಟ್ಟು ಎಷ್ಟು ಬಂತು, ರಸೀದಿ ಯಾವಾಗ ಸಿಗುತ್ತದೆ, ಹಣ ಯಾವ ಕೆಲಸಕ್ಕೆ. ₹100 ಕೊಟ್ಟವರಿಗೂ ₹10,000 ಕೊಟ್ಟವರಿಗೂ ಒಂದೇ ರೀತಿಯ ಧನ್ಯವಾದ ಇರಲಿ. ಆರು ತಿಂಗಳ ಮೇಲೆ ಸಂಸ್ಥೆಯನ್ನು ಕೇಳಿ, ಏನಾಯಿತೆಂದು ನಾಲ್ಕು ಸಾಲು ತಿಳಿಸಿ. ಬರುವ ವರ್ಷ ಅವರು ಮತ್ತೆ ಕೊಡುವುದು ಈ ನಾಲ್ಕು ಸಾಲು ನೋಡಿ.

ಗುರಿ ಮುಟ್ಟದಿದ್ದರೂ ಕುಗ್ಗಬೇಡಿ. ನಿಮ್ಮ ಸಂದೇಶ ಓದಿದವರಲ್ಲಿ ಯಾರೋ ಒಬ್ಬರು ತಮ್ಮ ಮನೆಯ ಎರಡು ವರ್ಷದ ಮಗು ಹೆಸರು ಕರೆದರೆ ತಿರುಗಿ ನೋಡುವುದಿಲ್ಲ ಎಂದು ನಿಮಗೆ ಫೋನ್ ಮಾಡಬಹುದು. ಆಗ "ದೊಡ್ಡವನಾದ ಮೇಲೆ ಸರಿಹೋಗುತ್ತೆ" ಎನ್ನದೆ, ಬೆಳವಣಿಗೆಯ ಮಕ್ಕಳ ತಜ್ಞರ ಬಳಿಗೆ ಅಥವಾ ಜಿಲ್ಲೆಯ ಆರಂಭಿಕ ಹಸ್ತಕ್ಷೇಪ ಕೇಂದ್ರಕ್ಕೆ ಬೇಗ ಕರೆದುಕೊಂಡು ಹೋಗಲು ಹೇಳಿ.

ಈ ಲೇಖನ ಸಾಮಾನ್ಯ ತಿಳಿವಳಿಕೆಗಾಗಿ. ನಿಮ್ಮ ಅಥವಾ ಮಗುವಿನ ಔಷಧದಲ್ಲಿ ಯಾವುದೇ ಬದಲಾವಣೆ ಮಾಡುವ ಮೊದಲು ನಿಮ್ಮ ವೈದ್ಯರನ್ನು, ತೆರಿಗೆ ವಿಷಯದಲ್ಲಿ ಲೆಕ್ಕ ಪರಿಶೋಧಕರನ್ನು ಕೇಳಿ.